ಸೂರು ಬಿಚ್ಚಿದ ಮನೆಯಲ್ಲಿ ವಾಸ

ಇನ್ಸೂರೆನ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಈಗಲೂ ಕೆಲವರು ನನ್ನ ಹತ್ತಿರ ಬಂದು ಕೂರುತ್ತಾರೆ. ಹಳೆಯ ಅನುಭವ ಹೇಳಿ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಕಲ್ಯಾಣದುರ್ಗದ ಒಂದು ಮನೆಯ ಕಥೆ. ಸತ್ತ ಮುದುಕಿ ನನ್ನೊಡನೆ ಮಾತಾಡಿದಳು ಎಂಬ ಕಥೆ. ಆಫೀಸಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ ಹೇಳಿ ಹೇಳಿ ಅದನ್ನು ನಾನೇ ನಯ ಮಾಡಿದ್ದೇನೆ. ಅದನ್ನು ಈಗ ಇನ್ನೊಂದು ರೀತಿಯಲ್ಲಿ ಹೇಳಬೇಕಾಗಿದೆ. ಅದಕ್ಕೆ ಮೊದಲು ನಮ್ಮ ಕೆಲಸ ಹೇಗಿತ್ತು ಎಂಬುದು ಗೊತ್ತಿರಬೇಕು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಎಪ್ಪತ್ತರ ದಶಕದಲ್ಲಿ ಹಿಂದೂಪುರದ ಆಫೀಸಿಗೆ ಸೇರಿದೆ. ಕೆಳಗೆ ಬೆಲ್ಲದ ಮಂಡಿ, ಮೇಲೆ ನಾವು. ಬೇಸಿಗೆಯಲ್ಲಿ ಬೆಲ್ಲದ ನೊಣಗಳು ಮೆಟ್ಟಿಲು ಹತ್ತಿ ನಮ್ಮ ಮೇಜಿನವರೆಗೂ ಬರುತ್ತಿದ್ದವು. ಲಾರಿ, ಮಗ್ಗ, ಕಡಲೆಕಾಯಿ ಗೋದಾಮು, ಇವುಗಳಿಗೆ ವಿಮೆ ಮಾಡಿಸುವವರಿದ್ದರು. ಮನೆಗೆ ಮಾಡಿಸಿ ಎಂದರೆ ಮಾತ್ರ ಜನ ಅಪಶಕುನ ನುಡಿದವನನ್ನು ನೋಡುವಂತೆ ನೋಡುತ್ತಿದ್ದರು. "ಬಾಯಿ ತೊಳ್ಕಂಡು ಬಾ ಹೋಗಪ್ಪ, ನಿಂತಿರೋ ಮನೆ ಬಿದ್ದೋಯ್ತದೆ ಅಂತೀಯಲ್ಲ" ಎಂದು ಒಬ್ಬಾಕೆ ನನ್ನನ್ನು ಜಗಲಿಯಿಂದಲೇ ಕಳಿಸಿದ್ದಳು.

ಮನೆ ವಿಮೆ ನಮ್ಮ ಸೀಮೆಗೆ ಬಂದದ್ದು ಮನೆ ರಿಪೇರಿಯ ಜೊತೆಗೆ. ಎಂಬತ್ತರ ದಶಕದಲ್ಲಿ ಎಲ್ಲರಿಗೂ ಮೋಲ್ಡ್ ಮನೆಯ ಆಸೆ ಹತ್ತಿತು. ಹಳೆಯ ಮಣ್ಣಿನ ಮಾಳಿಗೆ ಇಳಿಸಿ ಕಾಂಕ್ರೀಟು ಹಾಕಿಸಬೇಕು. ಬ್ಯಾಂಕು ಸಾಲ ಕೊಡುವಾಗ ಮನೆಗೆ ವಿಮೆ ಬೇಕು ಎನ್ನುತ್ತಿತ್ತು. ಹಾಗಾಗಿ ನನ್ನ ಪಾಲಿಗೆ ಬಂದ ಮನೆಗಳೆಲ್ಲ ಅರ್ಧ ಬಿಚ್ಚಿದ ಮನೆಗಳು.

ಮಾಳಿಗೆ ಇಳಿಸಿದ ಮನೆಯೊಳಗೆ ನಡುಹಗಲಲ್ಲಿ ಒಬ್ಬರೇ ನಿಂತು ನೋಡಿ, ಆಗ ಗೊತ್ತಾಗುತ್ತದೆ. ತೊಲೆ, ಜಂತೆ, ಅದರ ಮೇಲಿನ ಸೊಪ್ಪು, ಕರಲು ಮಣ್ಣು ಎಲ್ಲ ಕೆಳಗಿಳಿದಿರುತ್ತದೆ. ಗೋಡೆ ಮಾತ್ರ ನಿಂತಿರುತ್ತದೆ. ತಲೆಮಾರುಗಳಿಂದ ಹೊಗೆ ಕುಡಿದ ಅಡುಗೆ ಮನೆಯ ಗೋಡೆಗೆ ಮೊದಲ ಸಲ ಬಿಸಿಲು ಬಿದ್ದಿರುತ್ತದೆ. ಬಾಣಂತಿ ಕೋಣೆ, ದೇವರ ಗೂಡು, ಯಾರೂ ನೋಡಬಾರದ್ದೆಲ್ಲ ಆಕಾಶಕ್ಕೆ ತೆರೆದುಕೊಂಡಿರುತ್ತದೆ. ಮಾತಾಡಿದರೆ ನಮ್ಮ ಮಾತು ಗೋಡೆಗೆ ತಗಲದೆ ಮೇಲೆ ಹೋಗಿಬಿಡುತ್ತದೆ. ಒಳಗಿದ್ದೇವೋ ಹೊರಗಿದ್ದೇವೋ ತಿಳಿಯದು. ನನಗೆ ಕೊನೆಯವರೆಗೂ ಅದು ಅಭ್ಯಾಸವಾಗಲಿಲ್ಲ.

ಇಂಥ ಮನೆಯವರಿಗೆ ಹೇಳಬೇಕಾದ ಮಾತುಗಳು ನಮ್ಮ ಕೆಲಸದಲ್ಲಿ ಗೊತ್ತಿದ್ದವೇ. ಸೂರಿಗೆ ಕೈ ಹಾಕುವ ಮೊದಲೇ ಆಫೀಸಿಗೆ ಬರೆದು ತಿಳಿಸಬೇಕು. ವಿಮೆ ಮಾಡಿಸಿದ ಮನೆ ಬೇರೆ, ಈಗ ನಿಂತಿರುವ ಮನೆ ಬೇರೆ ಆಗಿಬಿಟ್ಟರೆ ಕಾಗದಕ್ಕೆ ಬೆಲೆಯಿಲ್ಲ. ತಿಂಗಳ ಮೇಲೆ ಮನೆ ಖಾಲಿ ಬಿಟ್ಟರೆ, ಆಫೀಸು ಒಪ್ಪದ ಹೊರತು, ವಿಮೆ ನಿಂತುಹೋಗುತ್ತದೆ. ಕೂಲಿಯವನು ಬಿದ್ದರೆ, ಪಕ್ಕದ ಮನೆಗೆ ಹಾನಿಯಾದರೆ, ಅದಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು. ಹೇಳಬೇಕಾದವನು ನಾನು. ಒಂದು ಹೇಳಿದರೆ ಇನ್ನೊಂದು ನುಂಗುತ್ತಿದ್ದೆ, ಯಾಕೆಂದರೆ ಎಲ್ಲ ಹೇಳಿದರೆ ಜನ ಹಿಂದೆ ಸರಿಯುತ್ತಿದ್ದರು.

ಹಿಂದೂಪುರದಲ್ಲೇ ಒಬ್ಬ ದರ್ಜಿ ತನ್ನ ಮನೆ ಕೆಡವಿದ. ಅವನ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಇತ್ತ ತೊಲೆ ತೆಗೆದ ಕೂಡಲೇ ಅತ್ತಲಿನ ಭಾರಕ್ಕೆ ಗೋಡೆ ಮಲಗಿತು. ಪಕ್ಕದ ಮನೆಯವರು ಊಟಕ್ಕೆ ಕೂತಿದ್ದರು. ಯಾರಿಗೂ ಏಟಾಗಲಿಲ್ಲ. ಆದರೆ ಸುದ್ದಿ ಕೇಳಿ ನಾನು ಓಡಿ ಹೋದಾಗಲೂ ಅವರು ಎದ್ದಿರಲಿಲ್ಲ. ಎಲೆಯ ಮೇಲೆ ಮಣ್ಣು, ಕೈಯಲ್ಲಿ ತುತ್ತು, ಬೀದಿಗೆ ಮುಖ ಮಾಡಿ ಹಾಗೇ ಕೂತಿದ್ದರು. ಮನೆಯ ಯಜಮಾನ ನನ್ನನ್ನು ಕಂಡು, "ಬಾರಯ್ಯ ಇನ್ಸೂರೆನ್ಸು, ನಿನಗೂ ಒಂದೆಲೆ ಹಾಕುಸ್ತೀನಿ" ಎಂದ. ದರ್ಜಿಯ ಪಾಲಿಸಿಯಲ್ಲಿ ಪಕ್ಕದ ಮನೆಗೆ ಏನೂ ಸಿಗುವುದಿಲ್ಲ ಎಂದು ದರ್ಜಿಗೆ ತಿಳಿದದ್ದು ಆ ದಿನ.

ನನಗೆ ಕೆಲಸ ಕಲಿಸಿದವರು ರಾಘವಯ್ಯ ಎಂಬ ಹಿರಿಯ ಸರ್ವೇಯರು. ಆಗ ನಮ್ಮ ಹತ್ತಿರ ಕ್ಯಾಮೆರಾ ಇರಲಿಲ್ಲ. ಕಣ್ಣಲ್ಲಿ ನೋಡಿ ಕೈಯಲ್ಲಿ ನಕ್ಷೆ ಬರೆಯಬೇಕು. ಆಮೇಲೆ ಫೋಟೋ ಬಂತು, ನೋಡುವುದು ಕಡಿಮೆಯಾಯಿತು. ರಾಘವಯ್ಯನವರು ಬಿದ್ದ ಮನೆಗೆ ಹೋದರೆ ಗೋಡೆ ನೋಡುತ್ತಿರಲಿಲ್ಲ, ಧೂಳು ನೋಡುತ್ತಿದ್ದರು. ಒಮ್ಮೆ ಒಬ್ಬ, ಮಾಳಿಗೆ ಕುಸಿದು ರೇಡಿಯೋ ಹಾಳಾಯಿತು ಎಂದು ತೋರಿಸಿದ. ರಾಘವಯ್ಯ ಆ ರೇಡಿಯೋ ಮೆಲ್ಲಗೆ ಎತ್ತಿದರು. ಕೆಳಗೂ ಮೇಲಿನಷ್ಟೇ ಧೂಳು. ಅಂದರೆ ಮಾಳಿಗೆ ಬಿದ್ದ ಮೇಲೆ ತಂದಿಟ್ಟು, ಮೇಲೆ ಧೂಳು ಉದುರಿಸಿದ ರೇಡಿಯೋ.

"ಧೂಳು ಸಂದೀಲೂ ಹೋಯ್ತದೆ ಸಾ" ಎಂದು ಮನೆಯವನು ತಲೆ ಕೆರೆದುಕೊಂಡ.

"ಹೋಯ್ತದೆ ಕಣಪ್ಪ. ಆದ್ರೆ ನಿನ್ನಂಗೆ ಸುಳ್ಳು ಹೇಳಾಕೆ ಅದಕ್ಕೆ ಬರಾಕಿಲ್ಲ" ಎಂದರು ರಾಘವಯ್ಯ.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ವಿವರಿಸಿದರು. ಮಣ್ಣಿನ ಮಾಳಿಗೆ ಬಿದ್ದಾಗ ಏಳುವ ಧೂಳು ಬಹಳ ಹೊತ್ತು ಗಾಳಿಯಲ್ಲಿದ್ದು ಮೆಲ್ಲಗೆ, ಒಂದೇ ಸಮನಾಗಿ ಕೂರುತ್ತದೆ. ಅದು ಕೂತ ಮೇಲೆ ಒಂದು ಇರುವೆ ನಡೆದರೂ ಗೊತ್ತಾಗುತ್ತದೆ. ನಾನು ಚೆನ್ನಾಗಿ ಕಲಿತೆ. ಕಲಿಯದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಈಗ ಕಲ್ಯಾಣದುರ್ಗದ ಮನೆ.

ಮನೆ ರಂಗಪ್ಪನದು. ಊರಿನಲ್ಲೇ ಹಿಟ್ಟಿನ ಗಿರಣಿ ಇಟ್ಟಿದ್ದ. ಹೆಂಡತಿ ಸುಶೀಲಮ್ಮ. ಇವರ ಜೊತೆಗೆ ರಂಗಪ್ಪನ ದೊಡ್ಡಮ್ಮ ತಿಮ್ಮಕ್ಕ. ತಾಯಿ ಸತ್ತ ಮಗುವನ್ನು ಎತ್ತಿ ಸಾಕಿದವಳು ಆಕೆ. ಮಾಳಿಗೆ ಇಳಿಸುವುದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ, ಅದು ಸೊಸೆಯ ಹಟ ಎಂದು ಅವಳ ನಂಬಿಕೆ. ಮುಂದಿನ ಅಂಕಣಗಳನ್ನು ಮೊದಲು ಬಿಚ್ಚಿ, ಹಿಂದಿನ ಕೋಣೆಯನ್ನು ಆಮೇಲೆ ನೋಡುವುದು ಎಂದು ಮೇಸ್ತ್ರಿಯ ಲೆಕ್ಕ. ಅಲ್ಲಿಯವರೆಗೆ ರಂಗಪ್ಪ ಗಿರಣಿಯ ಹಿಂದೆ ಒಂದು ಬಾಡಿಗೆ ಮನೆ ಹಿಡಿದಿದ್ದ.

ನಾನು ಕಾಗದಪತ್ರಕ್ಕೆ ಹೋದಾಗ ಖಾಲಿ ಮನೆಯ ಷರತ್ತನ್ನು ಹೇಳಿದೆ. ರಂಗಪ್ಪ ಗಾಬರಿಯಾದ. ಇದಕ್ಕೆ ಸರಿಯಾದ ದಾರಿ ಇತ್ತು. ಅವನಿಂದ ಒಂದು ಅರ್ಜಿ ಬರೆಸಿ, ಹಿಂದೂಪುರದಿಂದ ಅನಂತಪುರದ ದೊಡ್ಡ ಆಫೀಸಿಗೆ ಕಳಿಸಿ, ಒಪ್ಪಿಗೆ ತರಿಸಬೇಕು. ಅದಕ್ಕೆ ನಾನು ಮತ್ತೆ ಬಂದು ಗೋಡೆ, ತೊಲೆ ಎಲ್ಲ ನೋಡಿ ವರದಿ ಕೊಡಬೇಕು. ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಬಸ್ಸಿನಲ್ಲಿ ಕೂತು ಬಂದವರಿಗೆ ನನ್ನ ಬೇಸರ ಅರ್ಥವಾದೀತು.

ನಮ್ಮ ಕಡೆ ಒಂದು ಪದ್ಧತಿಯಿದೆ. ಮನೆ ರಿಪೇರಿಗೆ ಬಿಟ್ಟು ಹೋದರೂ ಸಂಜೆ ದೀಪ ತಪ್ಪಿಸುವುದಿಲ್ಲ. ದೀಪ ಹಚ್ಚದ ಮನೆ ಹಾಳು ಮನೆ, ಅಲ್ಲಿ ಬೇರೆ ಯಾರೋ ಬಂದು ಸೇರುತ್ತಾರೆ ಎನ್ನುತ್ತಾರೆ. ತಿಮ್ಮಕ್ಕ ದಿನಾ ಬಂದು ದೀಪ ಹಚ್ಚಿ ಹೋಗುತ್ತೇನೆ ಎನ್ನುತ್ತಿದ್ದಳು. ನನಗೆ ಅದೇ ಅನುಕೂಲವಾಗಿ ಕಂಡಿತು. ದೀಪಕ್ಕೆ ಬರುವವಳು ಹಿಂದಿನ ಕೋಣೆಯಲ್ಲೇ ಇದ್ದುಬಿಟ್ಟರೆ ಮನೆಯಲ್ಲಿ ವಾಸವಿದ್ದಂತಾಯಿತು, ಅರ್ಜಿಯ ತಾಪತ್ರಯ ಇಲ್ಲ ಎಂದೆ. ರಂಗಪ್ಪ ಹಿಂದೆಮುಂದೆ ನೋಡಿದ. ಮೇಲೆ ಮಾಳಿಗೆ ಗಟ್ಟಿಯಾಗಿದೆಯಲ್ಲ ಎಂದು ನಾನೇ ಧೈರ್ಯ ಹೇಳಿದೆ. ಮಾಳಿಗೆಯ ಮೇಲೆ ನಾನು ಹತ್ತಿ ನೋಡಿರಲಿಲ್ಲ.

ತಿಮ್ಮಕ್ಕ ಎಲೆ ಅಡಿಕೆ ಕುಟ್ಟುತ್ತ ಎಲ್ಲ ಕೇಳಿಸಿಕೊಂಡಳು. "ಅಂದ್ರೆ ನಾನೇ ನಿಮ್ಮ ಕಂಪ್ನಿ ಬೀಗಾನಾ?" ಎಂದು ನಕ್ಕಳು. "ಇರ್ತೀನಿ ಬಿಡಪ್ಪ. ಇವಳು ಮೋಲ್ಡ್ ಹಾಕ್ಸೋವರ್ಗೂ ನನ್ನ ಮನೇಲಿ ನಾನಿರ್ತೀನಿ."

ಸುಶೀಲಮ್ಮ ಲೋಟ ತೆಗೆದುಕೊಂಡು ಒಳಗೆ ಹೋದಳು.

ಮುಂದಿನ ಮಾಳಿಗೆ ಇಳಿಸಿದರು. ಕಬ್ಬಿಣ ಬರಲಿಲ್ಲ, ಕೆಲಸ ನಿಂತಿತು. ಅಷ್ಟರಲ್ಲಿ ಕಾಲವಲ್ಲದ ಕಾಲದಲ್ಲಿ ಗಾಳಿಮಳೆ ಹೊಡೆಯಿತು. ಮಣ್ಣಿನ ಗೋಡೆಗೆ ತಲೆಯ ಮೇಲೆ ಸೂರಿದ್ದರೆ ನೂರು ಮಳೆ ತಡೆಯುತ್ತದೆ. ನೆತ್ತಿ ಬಿಚ್ಚಿಕೊಂಡು ನಿಂತ ಗೋಡೆ ನೀರನ್ನು ಒಳಗೇ ಕುಡಿಯುತ್ತದೆ. ಹಿಂದಿನ ಕೋಣೆಯ ತೊಲೆ ಕೂತಿದ್ದದ್ದು ಅಂಥ ಗೋಡೆಯ ಮೇಲೆ.

ಮಳೆ ನಿಂತು ಮತ್ತೆ ಬಿಸಿಲು ಬಂದ ದಿನಗಳಲ್ಲಿ ನಾನು ಬೆಳುಗುಪ್ಪಕ್ಕೆ ಹೊರಟಿದ್ದೆ. ಅಲ್ಲಿ ಒಂದು ಅಂಗಡಿ ಸುಟ್ಟಿತ್ತು. ಕಲ್ಯಾಣದುರ್ಗದಲ್ಲಿ ಇಳಿದು ಜೀಪು ಹಿಡಿಯಬೇಕು. ಜೀಪು ತುಂಬುವುದರೊಳಗೆ ರಂಗಪ್ಪನ ಮನೆಯಲ್ಲಿ ವಾಸವಿದೆಯೇ ಎಂದು ಒಂದು ಸಲ ನೋಡಿಬಿಡೋಣ ಎಂದು ಆ ಬೀದಿಗೆ ಹೋದೆ.

ನೆತ್ತಿಯ ಬಿಸಿಲು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಮನೆಯ ಬೀದಿಬಾಗಿಲು ಮುಂದಕ್ಕೆ ಎಳೆದಿತ್ತು, ಚಿಲಕ ಹಾಕಿರಲಿಲ್ಲ. ಬಾಗಿಲ ಸಂದಿಯಲ್ಲಿ ಕತ್ತಲೆ ಕಾಣಬೇಕಾದಲ್ಲಿ ಬೆಳಕು ಕಾಣುತ್ತಿತ್ತು. ಹಸಿ ಮಣ್ಣಿನ ವಾಸನೆ ಬರುತ್ತಿತ್ತು. "ಯಾರಮ್ಮ ಒಳಗೆ?" ಎಂದು ಕೂಗಿದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದೆ. ಆಗ ಒಳಗಿನಿಂದ, ಗುಡಾಣದ ತಳದಿಂದ ಬಂದಂತೆ, "ಇದೀನಿ ಕಣಪ್ಪ" ಎಂದು ದನಿ ಬಂತು.

ನಾನು ಹೊರಟುಬಂದೆ. ಜೀಪು ಹತ್ತಿ ಬೆಳುಗುಪ್ಪಕ್ಕೆ ಹೋದೆ. ಆ ರಾತ್ರಿ ಅಲ್ಲೇ ಉಳಿದೆ.

ಮರುದಿನ ಹಿಂತಿರುಗುವಾಗ ರಂಗಪ್ಪನ ಬೀದಿಯ ಬಾಯಲ್ಲಿ ಜನ ಸೇರಿದ್ದರು. ಬೆಳಿಗ್ಗೆ ಮೇಸ್ತ್ರಿ ಬಂದು ನೋಡಿದಾಗ ಹಿಂದಿನ ಕೋಣೆಯ ತೊಲೆ ಕುಸಿದು, ಮಾಳಿಗೆಯ ಮಣ್ಣೆಲ್ಲ ಒಳಗೆ ಬಿದ್ದಿತ್ತು. ತಿಮ್ಮಕ್ಕ ಅದರ ಅಡಿಯಲ್ಲಿದ್ದಳು. ನಾನು ಹೋಗುವ ಹೊತ್ತಿಗೆ ಹೆಣವನ್ನು ಹೊರಗೆ ತಂದು ಮಲಗಿಸಿದ್ದರು. ಪಕ್ಕದ ಮನೆಯಾಕೆ ತೆಲುಗಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಳು. ಹಿಂದಿನ ದಿನ ಇನ್ನೂ ಬೆಳಕು ಹರಿಯುವ ಮುಂಚೆಯೇ ಧಡ್ ಎಂದು ಸದ್ದಾಯಿತಂತೆ, ಯಾರದೋ ಕಲ್ಲಿನ ಲೋಡು ಇಳಿಯಿತು ಎಂದುಕೊಂಡಳಂತೆ. ಹಾಗಾದರೆ ಆಗಲೇ ಪ್ರಾಣ ಹೋಗಿದೆ, ಪಾಪ, ನರಳಲಿಲ್ಲ ಎಂದು ಜನ ಸಮಾಧಾನ ಹೇಳುತ್ತಿದ್ದರು.

ನನ್ನ ಬಾಯಿಂದ ಮಾತು ಜಾರಿತು. "ನಿನ್ನೆ ಮಧ್ಯಾಹ್ನ ನನ್ನ ಹತ್ರ ಮಾತಾಡಿದ್ಲಲ್ಲ."

ಪಕ್ಕದ ಮನೆಯಾಕೆ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಯಾರೋ ಒಬ್ಬ ಮುದುಕ, "ಇರ್ತೀನಿ ಅಂದಿದ್ಲು, ಇದ್ಲು" ಎಂದ. ರಂಗಪ್ಪ ನನ್ನ ಕೈ ಹಿಡಿದು ಅಳತೊಡಗಿದ. ಸತ್ತ ಮೇಲೂ ಮನೆ ಕಾದಳು ಎಂದ. ಕಥೆ ಹುಟ್ಟಿದ್ದು ಅಲ್ಲಿ, ಆ ಗಳಿಗೆಯಲ್ಲಿ. ನಾನು ಅದನ್ನು ಹುಟ್ಟಿಸಲಿಲ್ಲ, ಆದರೆ ತಡೆಯಲೂ ಇಲ್ಲ.

ಪದ್ಧತಿಯಂತೆ ನಾನು ಒಳಗೆ ಹೋಗಿ ನೋಡಬೇಕು. ಹೋದೆ. ಮಣ್ಣು ಸರಿಸಿದ್ದು ಅವಳನ್ನು ಎತ್ತಿದ ಕಡೆಯಲ್ಲಿ ಮಾತ್ರ. ಮಿಕ್ಕ ಕೋಣೆಯ ಮೇಲೆಲ್ಲ ನಯವಾದ ಧೂಳು ಒಂದೇ ಸಮ ಕೂತಿತ್ತು. ಚಾಪೆ, ಕೊಡ, ಎಣ್ಣೆ ಬಟ್ಟಲು, ಎಲ್ಲದರ ಮೇಲೂ. ತೊಲೆ ಅವಳ ಸೊಂಟದ ಮೇಲಿತ್ತೆಂದು ಮೇಸ್ತ್ರಿ ಹೇಳಿದ್ದ. ಅವಳ ಬಲಗೈ ಇದ್ದ ಕಡೆ ನೆಲದ ಮೇಲೆ ಮೊರದಗಲದ ಒಂದು ಅರ್ಧಚಂದ್ರ ಇತ್ತು. ಅಷ್ಟು ಜಾಗದಲ್ಲಿ ಧೂಳಿರಲಿಲ್ಲ. ಮತ್ತೆ ಮತ್ತೆ ಕೈಯಾಡಿಸಿ ಒರೆಸಿದಂತೆ ಸಗಣಿ ಸಾರಿಸಿದ ನೆಲ ಕಾಣುತ್ತಿತ್ತು. ಅದರ ಅಂಚಿನಲ್ಲಿ ನೀರಿನ ಕೊಡ, ಬೆರಳು ತಗಲಿಯೂ ತಗಲದಷ್ಟು ದೂರದಲ್ಲಿ.

ಧೂಳು ಕೂತ ಮೇಲೆ ಕೈ ಆಡಿದೆ. ಬಹಳ ಹೊತ್ತು ಆಡಿದೆ. ನನಗೆ ಹಗಲಿನಷ್ಟು ಸ್ಪಷ್ಟವಾಗಿ ತಿಳಿಯಿತು.

ಹೊರಗಿನಿಂದ ರಂಗಪ್ಪನ ಹೆಜ್ಜೆ ಕೇಳಿಸಿತು. ನಾನು ಚಪ್ಪಲಿಯ ಕಾಲಿನಿಂದ ಆ ಅರ್ಧಚಂದ್ರದ ಮೇಲೆ ಮಣ್ಣು ಎಳೆದು ಸವರಿಬಿಟ್ಟೆ.

ಪೊಲೀಸಿನವರು ಬಂದರು, ನೆರೆಯವರು ಹೇಳಿದಂತೆ ಬರೆದುಕೊಂಡು ಹೋದರು. ಮನೆಯಲ್ಲಿ ವಾಸವಿತ್ತು ಎಂದು ನಾನು ವರದಿ ಕೊಟ್ಟೆ. ಪರಿಹಾರ ಬಂತು, ಮೋಲ್ಡ್ ಬಿತ್ತು. ಕಥೆ ನನಗಿಂತ ಮುಂಚೆ ಹಿಂದೂಪುರ ತಲುಪಿತ್ತು. ಆಫೀಸಿನಲ್ಲಿ ಎಲ್ಲರೂ ಸುತ್ತ ನಿಂತು ಕೇಳಿದರು. ರಾಘವಯ್ಯನವರು ಮಾತ್ರ ಕೂತಲ್ಲಿಂದ ಏಳಲಿಲ್ಲ. ಎಲ್ಲ ಚದುರಿದ ಮೇಲೆ, "ಧೂಳು ನೋಡಿದ್ಯೇನಯ್ಯ?" ಎಂದರು. ಎಲ್ಲ ತುಳಿದುಬಿಟ್ಟಿದ್ದರು ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಿವೃತ್ತರಾಗುವವರೆಗೂ ನನ್ನನ್ನು ಬಿದ್ದ ಮನೆಗಳಿಗೆ ಜೊತೆಗೆ ಕರೆಯಲಿಲ್ಲ.

ಕಥೆಯಲ್ಲಿ ನಾನು ಬಿಟ್ಟದ್ದು ಇಷ್ಟು. "ಇದೀನಿ ಕಣಪ್ಪ" ಎಂದ ಮೇಲೆ ದನಿ ನಿಂತಿರಲಿಲ್ಲ. ಸ್ವಲ್ಪ ತಡೆದು, "ಒಳೀಕೆ ಬಾರಪ್ಪ" ಎಂದಿತು. ನನಗೆ ಕೇಳಿಸಿತು. ಬೀದಿಯ ಕೊನೆಯಲ್ಲಿ ಜೀಪಿನವನು ಹಾರನ್ ಹೊಡೆಯುತ್ತಿದ್ದ. ಒಳಗೆ ಹೋದರೆ ಗೋಡೆ ನೆನೆದದ್ದರ ದೂರು, ಸೊಸೆಯ ಮೇಲಿನ ದೂರು, ಎಲೆ ಅಡಿಕೆ, ಅರ್ಧ ಗಂಟೆ. ನನಗೆ ಬೇಕಾಗಿದ್ದದ್ದು ಒಳಗೆ ಒಬ್ಬರು ಇದ್ದಾರೆ ಎನ್ನುವುದಷ್ಟೇ, ಅದು ಸಿಕ್ಕಿತ್ತು. "ಇನ್ನೊಂದಿನ ಬತ್ತೀನಿ ಬಿಡಮ್ಮ" ಎಂದು ಕೂಗಿ ಹೇಳಿ ತಿರುಗಿದೆ. ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದ್ದರೆ ಸಾಕಿತ್ತು.

ಹೊಸಬರಿಗೆ ನಾನು ಹೇಳುವುದು ಬಹಳವಿಲ್ಲ. ಮನೆ ರಿಪೇರಿ ಎಂದರೆ ಅರ್ಜಿ ಬರೆಸಿ, ಒಪ್ಪಿಗೆ ತರಿಸಿ, ಎಷ್ಟು ಬೇಸರವಾದರೂ ಮಾಳಿಗೆ ಹತ್ತಿ ನೋಡಿ. ಷರತ್ತು ಉಳಿಸಲು ಜೀವ ಇರುವವರನ್ನು ಮನೆಯೊಳಗೆ ಇಡಬೇಡಿ. ಬೀದಿಯಲ್ಲಿ ನಿಂತು ಮನೆ ನೋಡಬೇಡಿ. ಆ ದಿನದಿಂದ ನಾನು ಯಾವ ಬಾಗಿಲಲ್ಲಿ ನಿಂತು ಕೂಗಿದರೂ, ಒಳಗಿನವರು ಒಂದು ಮಾತು ಆಡಿದ ಮೇಲೆ ಇನ್ನೊಂದಕ್ಕೆ ಕಾಯುತ್ತಾ ನಿಲ್ಲುತ್ತಿದ್ದೆ. ಅವರು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು.

ನಿವೃತ್ತನಾದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಕಲ್ಯಾಣದುರ್ಗಕ್ಕೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ರಂಗಪ್ಪನಿಗೆ ಕೂದಲು ನೆರೆತಿತ್ತು. ನನ್ನನ್ನು ಕಂಡು ನೆಂಟನನ್ನು ಕಂಡಂತೆ ಹಿಗ್ಗಿದ. "ನಮ್ಮ ದೊಡ್ಡಮ್ಮ ಮಾತಾಡ್ಸಿದ ಸಾರು ಬಂದವ್ರೆ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ಹಿಂದಿನ ಕೋಣೆ ಇದ್ದ ಜಾಗದಲ್ಲಿ ಗೋಡೆಗೆ ಗೂಡು ಮಾಡಿಸಿ ದೀಪ ಇಟ್ಟಿದ್ದ. ಹಗಲಲ್ಲೂ ಉರಿಯುತ್ತಿತ್ತು. ಅವಳು ಕಾಯುತ್ತಿರುವುದರಿಂದಲೇ ಈ ಮನೆಗೆ ಒಂದು ಕೇಡೂ ಬಂದಿಲ್ಲವೆಂದ. ಪಕ್ಕದ ಮನೆಯ ಹೊಸ ಬಾಡಿಗೆಯವನು ಕಥೆ ಕೇಳಿಲ್ಲ, ಕರಕೊಂಡು ಬತ್ತೀನಿ ಎಂದು ರಂಗಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ.

ಸುಶೀಲಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಬಂದು ನನ್ನೆದುರು ನೆಲದ ಮೇಲೆ ಕೂತಳು.

"ಸಾರ್, ಹೆಣದ ಮೈ ತೊಳೆದೋಳು ನಾನು" ಎಂದಳು. "ಕಂಕುಳು ಇನ್ನೂ ಬೆಚ್ಚಗಿತ್ತು. ಯಾರಿಗೂ ಹೇಳ್ಲಿಲ್ಲ."

ನಾನು ತಲೆ ತಗ್ಗಿಸಿದೆ.

"ಇದೀನಿ ಅಂದ್ಲಲ್ಲ, ಆಮ್ಯಾಕೆ ಏನಂದ್ಲು?"

"ಒಳೀಕೆ ಬಾ ಅಂದ್ಲಮ್ಮ. ನಾನು ಹೋಗ್ಲಿಲ್ಲ."

ಸುಶೀಲಮ್ಮ ಗೂಡಿನ ಕಡೆ ತಿರುಗಿದಳು. ಆಮೇಲೆ ಹೇಳಿದಳು. ಅದೇ ದಿನ ಸಂಜೆ ಅವಳು ದೊಡ್ಡಮ್ಮನಿಗೆ ಬುತ್ತಿ ತಂದಿದ್ದಳು. ಹಿಂದಿನ ದಿನ ಇಬ್ಬರಿಗೂ ಜಗಳವಾಗಿತ್ತು. ಬಾಗಿಲಲ್ಲಿ ನಿಂತು, ಬುತ್ತಿ ಇಟ್ಟೀನಿ ಎಂದು ಕೂಗಿದಳು.

"ನನ್ನೂ ಕರೆದ್ಲು ಸಾರ್. ಸುಶೀಲಾ ಒಳೀಕೆ ಬಾರೆ ಅಂದ್ಲು. ಯಾವತ್ತೂ ಹಂಗೆ ಹೆಸ್ರಿಡಿದು ಕರೆದೋಳಲ್ಲ. ಮತ್ತೆ ಬೈಯಾಕೆ ಕರೀತಾವ್ಳೆ ಅಂದ್ಕಂಡು ಜಗಲಿ ಮ್ಯಾಲೆ ಇಟ್ಬುಟ್ಟು ಹೋದೆ."

ಹೊರಗೆ ರಂಗಪ್ಪನ ಮಾತು ಕೇಳಿಸಿತು. ಬಾಡಿಗೆಯವನಿಗೆ ಆಗಲೇ ಅರ್ಧ ಕಥೆ ಹೇಳುತ್ತಾ ಬರುತ್ತಿದ್ದ. ಒಳಗೆ ಬಂದವನೇ, "ಹೇಳಿ ಸಾರ್, ಇವ್ನು ನಂಬ್ತಿಲ್ಲ" ಎಂದ.

ಸುಶೀಲಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಬಾಡಿಗೆಯವನಿಗೆ, ನೀನು ನಾಳೆ ಬಾರಪ್ಪ ಎಂದು ಹೇಳಿ ಕಳಿಸಿದಳು. ಬೀದಿಬಾಗಿಲು ಮುಂದಕ್ಕೆ ಎಳೆದು ಚಿಲಕ ಹಾಕಿ ಬಂದಳು.

"ಕೂತ್ಕಳಿ" ಎಂದಳು ಗಂಡನಿಗೆ. "ಸಾರು ಇವತ್ತು ಪೂರ್ತಿ ಹೇಳ್ತಾರೆ. ಅವ್ರು ಮುಗಿಸಿದ ಮ್ಯಾಲೆ ನಾನೂ ಒಂದು ಹೇಳೋದೈತೆ."

ರಂಗಪ್ಪ ಇನ್ನೂ ನಗುತ್ತಲೇ ಕುರ್ಚಿ ಎಳೆದುಕೊಂಡು ನನ್ನ ಹತ್ತಿರ ಕೂತ.